ಗೂಡ್ಸ್ ವ್ಯಾಗನ್ನಿನ ಬಿಳಿ ಅಂಕಿಗಳು

12 ಜನವರಿ 2025, ಭಾನುವಾರ

ವ್ಯಾಗನ್ನಿಗೆ ಬಳಿದ ಕಾವಿ ಬಣ್ಣ ಒಣಗಿದೆ. ಹೊಸಪೇಟೆ, ತೋರಣಗಲ್ಲು ಕಡೆ ಅದಿರು ಹೊರುವ ಬಾಕ್ಸ್‌ಎನ್ ವ್ಯಾಗನ್. ನಿಜವಾದದ್ದು 10.7 ಮೀಟರ್, ನನ್ನದು 1:87ರ ಅಳತೆಯಲ್ಲಿ 123 ಮಿಲಿಮೀಟರ್. ಹಳಿಯಲ್ಲಿ ಮಾತ್ರ ರಾಜಿ. ನಮ್ಮ 1676 ಮಿ.ಮೀ. ಬ್ರಾಡ್‌ಗೇಜ್ ಈ ಅಳತೆಗೆ 19 ಮಿ.ಮೀ. ದಾಟಬೇಕು, ಅಂಗಡಿಯಲ್ಲಿ ಸಿಗುವ ಹಳಿ 16.5. ಅದು ಯಾರ ಗಮನಕ್ಕೂ ಬರುವುದಿಲ್ಲ. ಪಕ್ಕದಲ್ಲಿ ಬರಹ ಇಲ್ಲದಿದ್ದರೆ ಮಾತ್ರ ಮಕ್ಕಳೂ ಆಟಿಕೆ ಅಂದುಬಿಡುತ್ತಾರೆ.

ಬರಹವೋ, ಒಂದಲ್ಲ ಎರಡಲ್ಲ. ರೈಲ್ವೆಯ ಹೆಸರು, ವ್ಯಾಗನ್ನಿನ ಜಾತಿ, ಹನ್ನೊಂದು ಅಂಕಿಯ ಸಂಖ್ಯೆ, ಖಾಲಿ ತೂಕ 22.47 ಟನ್, ಹೊರುವ ತೂಕ 58.81 ಟನ್, ರಿಪೇರಿಗೆ ವರ್ಕ್‌ಶಾಪಿಗೆ ಮರಳಬೇಕಾದ ತಾರೀಖು. ಎಲ್ಲವೂ ಬಿಳಿ. ಮನೆಯ ಪ್ರಿಂಟರಿನಲ್ಲಿ ಇಲ್ಲದ್ದೂ ಅದೊಂದೇ. ಅದರ ಪಾಲಿಗೆ ಬಿಳಿ ಅಂದರೆ ಕಾಗದ. ನೀರಲ್ಲಿ ನೆನೆಸಿ ಪೊರೆ ಜಾರಿಸಿ ಅಂಟಿಸುವ ಪಾರದರ್ಶಕ ಡೆಕಾಲ್ ಹಾಳೆ ಕೊಟ್ಟರೆ ಬಿಳಿ ಇರಬೇಕಾದ ಕಡೆ ಏನೂ ಬೀಳುವುದಿಲ್ಲ.

"ಅಪ್ಪಾ, ಬಿಳಿ ಇಂಕ್ ತಂದು ತುಂಬಿಸಿದ್ರೆ ಆಗಲ್ವಾ?" ಅಂದಳು ಮಗಳು. ಆಗಲ್ಲ ಪುಟ್ಟಿ. ಬಿಳುಪು ಬರುವುದು ಟೈಟಾನಿಯಂ ಡೈಆಕ್ಸೈಡ್ ಪುಡಿಯಿಂದ. ಅದು ಭಾರ, ನಿಂತಲ್ಲೇ ತಳಕ್ಕಿಳಿದು ಪ್ರಿಂಟ್‌ಹೆಡ್ಡಿನ ಸಣ್ಣ ತೂತುಗಳನ್ನು ಕಟ್ಟಿಸಿಬಿಡುತ್ತದೆ. ಬಿಳಿ ಇಂಕಿನ ದೊಡ್ಡ ಯಂತ್ರಗಳು ಅದಕ್ಕೇ ಇಂಕನ್ನು ಒಳಗೊಳಗೇ ತಿರುಗಿಸುತ್ತಿರುತ್ತವೆ.

14 ಜನವರಿ, ಸಂಕ್ರಾಂತಿ

ಎಳ್ಳು ಬೀರಲು ಮನೆಯವರೆಲ್ಲ ಹೊರಟ ಮೇಲೆ ಮೇಜು ನನ್ನದಾಯಿತು. ಬಿಳಿ ಡೆಕಾಲ್ ಹಾಳೆ ತೆಗೆದುಕೊಂಡು, ಸುತ್ತಲೂ ಕಾವಿ ಮುದ್ರಿಸಿ ಅಕ್ಷರಗಳ ಜಾಗ ಖಾಲಿ ಬಿಟ್ಟೆ. ಇಂಕ್‌ಜೆಟ್ ಬಣ್ಣ ನೀರಿಗೆ ಬಿದ್ದರೆ ಹರಡುವುದರಿಂದ ಮೇಲೊಂದು ವಾರ್ನಿಶ್ ಹೊಡೆದೆ. ಹಳೇ ಕಾರುಗಳ ಕಪ್ಪು ನಂಬರ್ ಪ್ಲೇಟಿಗಾದರೆ ಇಷ್ಟು ಸಾಕು. ಪ್ಲೇಟೇ ಒಂದು ಚೌಕ, ಕಪ್ಪನ್ನು ಹೊಂದಿಸುವ ತಲೆನೋವೂ ಇಲ್ಲ.

ಕಾವಿ ಹಾಗಲ್ಲ. ಟ್ಯೂಬ್‌ಲೈಟಿನಡಿ ವ್ಯಾಗನ್ನಿನ ಬಣ್ಣಕ್ಕೆ ಸರಿಯಾಗಿ ಕೂತದ್ದು, ಕಿಟಕಿಯ ಬಿಸಿಲಿಗೆ ಹಿಡಿದರೆ ನೇರಳೆ. ಹಾಳೆ ಕತ್ತರಿಸಿದ ಅಂಚಿನಲ್ಲೂ ಬಿಳಿ ಗೆರೆ ಇಣುಕುತ್ತದೆ. ಅಂಚಿಗೆ ಬ್ರಷ್ ತಾಗಿಸಿ ಮುಚ್ಚಬಹುದು, ನಡುವಿನ ತೇಪೆಯನ್ನು ಮುಚ್ಚಲು ಬರುವುದಿಲ್ಲ.

17 ಜನವರಿ, ಶುಕ್ರವಾರ

ಒಂದು ಕಾಲಕ್ಕೆ ಈ ಹವ್ಯಾಸದವರ ಆಸೆಯೆಲ್ಲ ಜಪಾನಿನ ಆಲ್ಪ್ಸ್ ಎಂಡಿ ಪ್ರಿಂಟರಿನ ಮೇಲಿತ್ತು. ಅದರಲ್ಲಿ ದ್ರವದ ಇಂಕಿಲ್ಲ. ರಿಬ್ಬನ್ನಿನ ಮೇಲಿನ ಬಣ್ಣವನ್ನು ಬಿಸಿ ಮಾಡಿ ಹಾಳೆಗೆ ಅಂಟಿಸುತ್ತಿತ್ತು, ಬಿಳಿ ರಿಬ್ಬನ್ ಕೂಡ ಇತ್ತು. ತಯಾರಿಕೆ ನಿಂತು ವರ್ಷಗಳಾದವು. ಓಕಿ ಕಂಪನಿ ಕಪ್ಪಿನ ಜಾಗದಲ್ಲಿ ಬಿಳಿ ಟೋನರ್ ಇರುವ ಲೇಸರ್ ಪ್ರಿಂಟರ್ ಮಾಡಿದೆ. ನಾಲ್ಕಾರು ವ್ಯಾಗನ್ನಿಗಾಗಿ ಅದನ್ನು ಕೊಳ್ಳುವೆನೆಂದು ಮನೆಯಲ್ಲಿ ಬಾಯಿಬಿಡುವ ಹಾಗೂ ಇಲ್ಲ.

ಮಲಗುವ ಮುಂಚೆ ಹೊಳೆಯಿತು: ನಿಜವಾದ ವ್ಯಾಗನ್ನಿಗೆ ಯಾರೂ ಪ್ರಿಂಟ್ ಹೊಡೆಯುವುದಿಲ್ಲವಲ್ಲ! ಸ್ಟೆನ್ಸಿಲ್ ಇಟ್ಟು ಬಿಳಿ ಬಣ್ಣ ಬಳಿಯುತ್ತಾರೆ. ನನ್ನ ಅಳತೆಗೆ ಗೇಣೆತ್ತರದ ಅಂಕಿಯೂ ಎರಡೂವರೆ ಮಿಲಿಮೀಟರ್. ಅಷ್ಟು ಸಣ್ಣದನ್ನು ಕೊರೆದರೆ ಸೊನ್ನೆಯ ಹೊಟ್ಟೆ ಉದುರಿಹೋಗುತ್ತದೆ. ಆದರೆ ಆ ಹೊಟ್ಟೆಯನ್ನು ಹಿಡಿದಿಡಲು ಹಿಂದೊಂದು ಬಲೆ ಇದ್ದರೆ? ಅದೇ ತಾನೆ ಸ್ಕ್ರೀನ್ ಪ್ರಿಂಟಿಂಗ್! ಇಟಲಿಯ ಕಾರ್ಟೋಗ್ರಾಫ್‌ನಂಥವರ ಡೆಕಾಲ್‌ಗಳೂ ಸ್ಕ್ರೀನಿನವೇ. ಸ್ಕ್ರೀನಿನಲ್ಲಿ ಬಣ್ಣದ ಪದರ ದಪ್ಪ, ಕೆಳಗಿನ ಕಾವಿ ಇಣುಕುವುದಿಲ್ಲ.

18 ಜನವರಿ, ಶನಿವಾರ

ಸುಲ್ತಾನಪೇಟೆ. ಗಾಢ ಕೆಂಪು ಲಗ್ನಪತ್ರಿಕೆಗಳ ಮೇಲೆ ಬಿಳಿ ಅಕ್ಷರ ಹೊಡೆಯುತ್ತಿದ್ದ ಅಂಗಡಿಗೇ ಹೋದೆ.

"ಏನ್ ಸಾರ್, ಮದುವೇನಾ, ಗೃಹಪ್ರವೇಶಾನಾ?"

"ಗೂಡ್ಸ್ ಗಾಡಿ."

ಅವರು ನಗಲಿಲ್ಲ. ಬರಹ ಮುದ್ರಿಸಿ ಒಯ್ದಿದ್ದ ನನ್ನ ಫಿಲ್ಮನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ತಂದು, ತೂಕ ಬರೆದ ಸಾಲನ್ನೇ ಬಹಳ ಹೊತ್ತು ನೋಡಿದರು. ಗೆರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಕಾರ್ಡಿಗೆ ಹಾಕುವ ಬಲೆ ಇದಕ್ಕಾಗದು, ಸೆಂಟಿಮೀಟರಿಗೆ 120 ಎಳೆಯದ್ದು ಬೇಕು ಎಂದರು. ಇಂಕಿನ ಥಿನ್ನರ್ ಡೆಕಾಲ್ ಹಾಳೆಯ ಪೊರೆಯನ್ನು ತಿನ್ನುತ್ತದೋ ಇಲ್ಲವೋ ನೋಡಲು ಮೂಲೆಯಲ್ಲೊಂದು ತೊಟ್ಟು ಹಚ್ಚಿದರು. ತಿನ್ನಲಿಲ್ಲ.

ಇನ್ನೊಂದು ಬೇಡಿಕೆಯನ್ನೂ ಮುಂದಿಟ್ಟೆ: ಬಿಳಿಗೆ ಚೂರು ಕಾವಿ ಬೆರೆಸಬೇಕು. ಅಚ್ಚ ಬಿಳಿ ಸಣ್ಣ ಮಾದರಿಯ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಅದಿರಿನ ಧೂಳಿನಲ್ಲಿ ಓಡಾಡುವ ವ್ಯಾಗನ್ನಿನ ಅಂಕಿ ಅಷ್ಟು ಬೆಳ್ಳಗಿರುವುದೂ ಇಲ್ಲ.

"ಎಲ್ರೂ ಇನ್ನೂ ಬೆಳ್ಳಗೆ ಮಾಡಿ ಅಂತಾರೆ. ನೀವು ಕೊಳೆ ಮಾಡಿ ಅಂತೀರಲ್ಲ ಸಾರ್!"

25 ಜನವರಿ, ಶನಿವಾರ

ಹಾಳೆ ಬಂತು. ಬೆರಳಾಡಿಸಿದರೆ ಅಕ್ಷರ ಉಬ್ಬಿರುವುದು ತಿಳಿಯುತ್ತದೆ. 22.47ರ ಚುಕ್ಕೆಯೂ ಬಿದ್ದಿದೆ!

ವ್ಯಾಗನ್ನಿಗೆ ಮೊದಲೇ ಹೊಳಪಿನ ವಾರ್ನಿಶ್ ಹೊಡೆದಿಟ್ಟಿದ್ದೆ. ಒರಟು ಬಣ್ಣದ ಮೇಲೆ ಅಂಟಿಸಿದರೆ ಪೊರೆಯಡಿ ಗಾಳಿ ಸಿಕ್ಕಿಕೊಂಡು ಬೆಳ್ಳಿಯ ಹಾಗೆ ಮಿನುಗುತ್ತದೆ. ಬಾಕ್ಸ್‌ಎನ್ ಪಕ್ಕದಲ್ಲಿ ಉದ್ದುದ್ದ ಪಟ್ಟಿಗಳಿವೆ. ಬರಹ ಅವನ್ನು ಹತ್ತಿ ಇಳಿಯುವ ಕಡೆ ಪೊರೆಯನ್ನು ಮೆತ್ತಗೆ ಮಾಡುವ ದ್ರಾವಣ ಹಚ್ಚಿದೆ. ಅದು ಮೊದಲು ಸುಕ್ಕಾಗಿ ಎದೆ ನಡುಗಿಸುತ್ತದೆ. ಕೈ ಹಾಕದೆ ಬಿಟ್ಟರೆ ತಾನಾಗಿಯೇ ಎಳೆದುಕೊಂಡು ಕೂರುತ್ತದೆ.

26 ಜನವರಿ, ಭಾನುವಾರ

ಸ್ಕ್ರೀನಿನಲ್ಲಿ ಒಂದು ತೊಡಕಿದೆ: ಎಲ್ಲ ಹಾಳೆಗೂ ಒಂದೇ ಬರಹ. ವ್ಯಾಗನ್ನುಗಳಿಗೋ ತಲೆಗೊಂದು ಸಂಖ್ಯೆ. ಅದಕ್ಕೇ 0ಯಿಂದ 9ರವರೆಗಿನ ಅಂಕಿಗಳನ್ನು ಬಿಡಿಬಿಡಿಯಾಗಿ ಸಾಲಿಡಿಸಿದ್ದೆ. ಒಂದೊಂದೇ ಕತ್ತರಿಸಿ ಜೋಡಿಸಬೇಕು. ಹನ್ನೊಂದು ಅಂಕಿಗಳಲ್ಲಿ ಮೊದಲೆರಡು ವ್ಯಾಗನ್ನಿನ ಜಾತಿಗೆ, ಮುಂದಿನೆರಡು ಒಡೆತನದ ರೈಲ್ವೆಗೆ, ಆಮೇಲಿನೆರಡು ತಯಾರಾದ ವರ್ಷಕ್ಕೆ, ನಾಲ್ಕು ಅದರ ಸ್ವಂತದ್ದು. ಹನ್ನೊಂದನೆಯದು ಮೊದಲ ಹತ್ತರ ಲೆಕ್ಕದಿಂದ ಹುಟ್ಟುವ ತಾಳೆಯ ಅಂಕಿ. ನನ್ನ ಮೇಜಿನ ಮೇಲೆ ಅದನ್ನು ತಾಳೆ ನೋಡಲು ಯಾವ ಗುಮಾಸ್ತನೂ ಬರುವುದಿಲ್ಲ. ಆದರೂ ಕ್ಯಾಲ್ಕುಲೇಟರ್ ಹಿಡಿದು ಕೂತು ಉಳಿದ ವ್ಯಾಗನ್ನುಗಳ ಸಂಖ್ಯೆಗಳನ್ನೆಲ್ಲ ಬರೆದಿಟ್ಟೆ. ಹಾಳೆಯಲ್ಲಿ 7 ಮಾತ್ರ ಕಡಿಮೆ ಬೀಳುವಂತಿದೆ. ವರ್ಷ ಬದಲಿಸಿ ನೋಡಬೇಕು.