ಶಿರಾಡಿ ಘಾಟಿಯ ಅಪ್ಪ, ಮಿನ್ನೆಸೋಟದ ಹಿಮ

ನಮ್ಮಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಹಾಸನ–ಮಂಗಳೂರು ರೂಟಲ್ಲಿ ಎಷ್ಟು ಮಳೆಗಾಲ ಕಳೆದಿದ್ದಾರೋ ಅವರಿಗೇ ಲೆಕ್ಕ ಇಲ್ಲ. ನಾನು ಮಿನ್ನಿಯಾಪೊಲಿಸ್‌ಗೆ ಬಂದ ಮೇಲೆ ಭಾನುವಾರದ ವಿಡಿಯೋ ಕಾಲ್‌ನಲ್ಲಿ ಅಮ್ಮ "ಊಟ ಆಯ್ತಾ" ಅಂತ ಕೇಳಿದರೆ, ಅಪ್ಪ "ಟೈರ್ ಹೆಂಗಿದೆ" ಅಂತ ಕೇಳೋರು. "ಚೆನ್ನಾಗಿದೆ ಅಪ್ಪ" ಅನ್ನುತ್ತಿದ್ದೆ. ಅಷ್ಟಕ್ಕೆ ಮುಗಿಯುತ್ತಿತ್ತು.

ಒಂದು ವಿಷಯ ಮಾತ್ರ ಹೇಳಿರಲಿಲ್ಲ. ಮೊದಲ ಚಳಿಗಾಲದ ನವೆಂಬರ್‌ನಲ್ಲಿ ಆಫೀಸಿನಿಂದ ವಾಪಸ್ ಬರುವಾಗ, ಹೈವೇಯಿಂದ ಇಳಿಯೋ ರ‍್ಯಾಂಪಿನ ಸೇತುವೆ ಮೇಲೆ ನನ್ನ ಕಾರು ಅರ್ಧ ಸುತ್ತು ತಿರುಗಿ, ತಡೆಗೋಡೆಗೆ ಎರಡಡಿ ದೂರದಲ್ಲಿ ನಿಂತಿತ್ತು. ರಸ್ತೆ ಮೇಲೆ ಹಿಮವೇ ಇರಲಿಲ್ಲ, ಸುಮ್ಮನೆ ಒದ್ದೆಯಾದ ಹಾಗೆ ಕಪ್ಪಗಿತ್ತು. ಇಲ್ಲಿನವರು ಅದಕ್ಕೆ ಬ್ಲ್ಯಾಕ್ ಐಸ್ ಅಂತಾರೆ. ಕಣ್ಣಿಗೆ ಕಾಣದಷ್ಟು ತೆಳುವಾದ ಗಾಜಿನಂಥ ಮಂಜುಗಡ್ಡೆ, ಅದರಡಿ ಡಾಂಬರಿನ ಬಣ್ಣವೇ ಕಾಣುತ್ತೆ. ನೆಲದ ಮೇಲಿನ ರಸ್ತೆಗೆ ಕೆಳಗಿಂದ ಭೂಮಿಯ ಶಾಖ ಒಂದಿಷ್ಟು ಸಿಗುತ್ತೆ. ಸೇತುವೆಗೆ ಮೇಲೂ ಕೆಳಗೂ ಬರೀ ತಣ್ಣನೆ ಗಾಳಿ, ಹಾಗಾಗಿ ಅದೇ ಮೊದಲು ಹೆಪ್ಪುಗಟ್ಟೋದು. ಇಂಜಿನಿಯರಿಂಗ್ ಓದಿದವನಿಗೆ ಇದು ಆವತ್ತು ಹೊಳೆದಿರಲಿಲ್ಲ. ನಾಲ್ಕೂ ಚಕ್ರಕ್ಕೆ ಪವರ್ ಹೋಗೋ ಗಾಡಿ ತಗೊಂಡಿದ್ದೀನಿ, ಇನ್ನೇನು ಭಯ ಅಂದುಕೊಂಡಿದ್ದೆ. ಅದು ಗಾಡಿ ಹೊರಡೋಕೆ ಸಹಾಯ ಮಾಡುತ್ತೆ, ನಿಲ್ಲೋಕೆ ಅಲ್ಲ. ನಿಲ್ಲಿಸೋದು ಟೈರಿನ ರಬ್ಬರು. ಏಳು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾಮೂಲಿ ಟೈರು ಬಿರುಸಾಗುತ್ತಾ ಹೋಗುತ್ತೆ, ವಿಂಟರ್ ಟೈರು ಮೆತ್ತಗೇ ಇರುತ್ತೆ. ಮರುವಾರವೇ ಹಾಕಿಸಿದೆ. ಮನೆಗೆ ಹೇಳಲಿಲ್ಲ.

ಕಳೆದ ವರ್ಷ ಮಗಳು ಹುಟ್ಟಿದಾಗ ಅಪ್ಪ ಅಮ್ಮ ಬಂದರು. ಅಮ್ಮನಿಗೆ ಬಾಣಂತನದ ಕೆಲಸ ಕೈತುಂಬಾ. ಅಪ್ಪನಿಗೆ ಕಿಟಕಿಯಿಂದ ಹಿಮ ನೋಡೋದು ಬಿಟ್ಟು ಬೇರೆ ಕೆಲಸವಿಲ್ಲ. "ಅದೇನೋ ಸಮುದ್ರದಂಥ ಕೆರೆ ಇದೆ ಅಂತಿದ್ದೆಯಲ್ಲ, ತೋರ್ಸು" ಅಂದರು. ಲೇಕ್ ಸುಪೀರಿಯರ್! ವಿಸ್ತೀರ್ಣದಲ್ಲಿ ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಸರೋವರ. ಅದರ ದಡದ ಡುಲೂತ್ ಊರು ನಮ್ಮಲ್ಲಿಂದ ಉತ್ತರಕ್ಕೆ ಸುಮಾರು 240 ಕಿಲೋಮೀಟರ್, ನೇರ ಹೈವೇ. ಡಿಸೆಂಬರ್‌ನ ಒಂದು ಶನಿವಾರ ಇಬ್ಬರೇ ಹೊರಟೆವು.

ಹೊರಡೋ ಮುಂಚೆ ಅಪ್ಪ ಗಾಡಿ ಸುತ್ತ ಒಂದು ರೌಂಡ್ ಹಾಕಿದರು. ಮುಂದಿನ ಗಾಜಿನ ಹಿಮವನ್ನಷ್ಟೇ ಕೆರೆದಿದ್ದೆ. "ತಲೆ ಮೇಲೆ ಮೂಟೆ ಇಟ್ಕೊಂಡು ಬ್ರೇಕ್ ಹಾಕಿದ್ರೆ ಮೂಟೆ ಎಲ್ಲಿಗ್ ಬರುತ್ತೆ?" ಅಂದರು. ಟಾಪಿನ ಮೇಲಿನ ಹಿಮವೂ ಇಳಿಯಿತು. ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ಚಕ್ರದಡಿ ಹಾಕೋಕೆ ಮರಳು, ಟಾರ್ಚು. ಅಮ್ಮ ಕೊಟ್ಟ ಕೋಡುಬಳೆ ಡಬ್ಬಿಯೂ ಅಲ್ಲಿಗೇ. ದಾರಿಯಲ್ಲಿ ಹಿಮದಲ್ಲಿ ಸಿಕ್ಕಿಹಾಕಿಕೊಂಡರೆ ಗಾಡಿ ಬಿಟ್ಟು ನಡೆಯಬಾರದು, ಒಳಗೇ ಇರಬೇಕು ಅಂತ ಹೇಳಿದೆ. ಹೀಟರ್‌ಗೆ ಇಂಜಿನ್ ಹಾಕೋ ಮುಂಚೆ ಸೈಲೆನ್ಸರ್ ಬಾಯಿಗೆ ಮುಚ್ಚಿದ ಹಿಮ ತೆಗೀಬೇಕು, ಇಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತೆ, ವಾಸನೆಯೇ ಇರಲ್ಲ. ಅಪ್ಪ ತಲೆಯಾಡಿಸಿ, "ಹಂಗಾದ್ರೆ ಟ್ಯಾಂಕ್ ಫುಲ್ ಮಾಡು" ಅಂದರು.

ಮೊದಲ ಗಂಟೆ ಆರಾಮ. ಮುಂದೆ ಹಿಮ ತಳ್ಳೋ ದೊಡ್ಡ ಲಾರಿ ಸಿಕ್ಕಿತು, ಓವರ್‌ಟೇಕ್ ಮಾಡದೆ ದೂರದಲ್ಲೇ ಹಿಂದೆ ಹೋದೆ. ಅದರ ಹಿಂದಿನ ರಸ್ತೆಯೇ ಒಳ್ಳೆಯ ರಸ್ತೆ. ಈ ಲಾರಿಗಳಿಗೆ ಹೆಸರಿಡೋಕೆ ಇಲ್ಲಿ ಜನರ ವೋಟು ನಡೆಯುತ್ತೆ, 2021ರಲ್ಲಿ ಗೆದ್ದ ಹೆಸರು 'ಪ್ಲೌವಿ ಮೆಕ್‌ಪ್ಲೌಫೇಸ್' ಅಂದಾಗ ಅಪ್ಪ, "ನಮ್ ಕಡೆ ಆಗಿದ್ರೆ ಶ್ರೀ ಮಂಜುನಾಥ ಅಂತ ಇಟ್ಟಿರೋರು" ಅಂತ ನಕ್ಕರು. ಮುಂದಿನ ಗಾಡಿಗೂ ನಮಗೂ ಎಂಟು ಹತ್ತು ಸೆಕೆಂಡ್ ಅಂತರ. ಕ್ರೂಸ್ ಕಂಟ್ರೋಲ್ ಆಫ್. ಆದರೂ ಅಪ್ಪನ ಬಲಗಾಲು ಇಲ್ಲದ ಬ್ರೇಕನ್ನು ಆಗಾಗ ಒತ್ತುತ್ತಲೇ ಇತ್ತು.

ಸಣ್ಣಗೆ ಮಳೆ ಶುರುವಾಯಿತು. ಡ್ಯಾಶ್‌ಬೋರ್ಡಿನಲ್ಲಿ ಮೈನಸ್ ಎಂಟಿದ್ದ ಉಷ್ಣಾಂಶ ಮೈನಸ್ ಒಂದಕ್ಕೆ ಏರಿತ್ತು. "ಬೆಚ್ಚಗಾಗ್ತಿದೆ, ಒಳ್ಳೇದೇ ಆಯ್ತು" ಅಂದೆ. ತಪ್ಪು. ಮಂಜುಗಡ್ಡೆ ಸೊನ್ನೆಯ ಆಸುಪಾಸಿನಲ್ಲೇ ಹೆಚ್ಚು ಜಾರೋದು. ಮೈನಸ್ ಇಪ್ಪತ್ತರಲ್ಲಿ ಅದೇ ಗಡ್ಡೆ ಸ್ವಲ್ಪ ಹಿಡಿತ ಕೊಡುತ್ತೆ.

"ಮಗಾ, ಮುಂದಿನ ಗಾಡಿ ಚಕ್ರದಿಂದ ನೀರು ಹಾರೋದು ನಿಂತೋಯ್ತಲ್ಲ" ಅಂದರು ಅಪ್ಪ.

ನೋಡಿದೆ. ರಸ್ತೆ ಒದ್ದೆಯಾಗಿಯೇ ಹೊಳೆಯುತ್ತಿತ್ತು, ಆದರೆ ಯಾವ ಚಕ್ರದಿಂದಲೂ ಒಂದು ಹನಿ ನೀರು ಸಿಡಿಯುತ್ತಿರಲಿಲ್ಲ. ಅದು ನೀರಲ್ಲ. ಜೀವನದಲ್ಲಿ ಮೊದಲ ಸಲ ಹಿಮ ನೋಡುತ್ತಿರೋ ಮನುಷ್ಯ ಅದನ್ನು ನನಗಿಂತ ಮೊದಲು ಕಂಡಿದ್ದರು.

ಆಕ್ಸಿಲರೇಟರ್‌ನಿಂದ ಕಾಲು ನಿಧಾನಕ್ಕೆ ತೆಗೆದೆ. ಸೇತುವೆ ಬರುವಷ್ಟರಲ್ಲಿ ವೇಗ ಅರ್ಧಕ್ಕರ್ಧ ಇಳಿದಿತ್ತು. ಆದರೂ ಹಿಂಭಾಗ ಎಡಕ್ಕೆ ಸರಿಯಿತು. ಬ್ರೇಕ್ ಮುಟ್ಟಲಿಲ್ಲ. ತಡೆಗೋಡೆ ಕಡೆ ನೋಡದೆ, ಹೋಗಬೇಕಾದ ಲೇನನ್ನೇ ನೋಡುತ್ತಾ ಸ್ಟೇರಿಂಗ್ ಅಷ್ಟೇ ಆ ಕಡೆ ತಿರುಗಿಸಿದೆ. ಕಾರು ನೆಟ್ಟಗಾಯಿತು. ಅಪ್ಪ ಒಂದು ಮಾತೂ ಆಡಲಿಲ್ಲ. ಮುಂದೆ ಹಳ್ಳದಲ್ಲಿ ಒಂದು ಟ್ರಕ್ಕು ಮಗ್ಗುಲಾಗಿ ಬಿದ್ದಿತ್ತು, ಪೊಲೀಸ್ ಗಾಡಿ ಆಗಲೇ ಬಂದಿತ್ತು.

ಹಿಂಕ್ಲಿ ಅನ್ನೋ ಊರು ಅರ್ಧ ದಾರಿ. ಅಲ್ಲಿ ಇಳಿದು ಕಾಫಿ ಕುಡಿದೆವು. "ಇನ್ನರ್ಧ ದೂರ ಅಷ್ಟೇ ಅಪ್ಪ, ನಿಧಾನಕ್ಕೆ ಹೋಗೋಣ" ಅಂದೆ. ರೂಮ್ ಬುಕ್ ಮಾಡಿದ್ದೆ, ದುಡ್ಡು ವಾಪಸ್ ಬರಲ್ಲ. ಅವರು ವಾಪಸ್ ಊರಿಗೆ ಹೋಗೋಕೆ ಮೂರು ವಾರ ಇತ್ತು, ಮತ್ತೆ ಯಾವಾಗ ಬರುತ್ತಾರೋ. ನನಗೆ ಹಟ.

ಅಪ್ಪ ಕಪ್ ಕೆಳಗಿಟ್ಟು ಒಂದು ಕತೆ ಹೇಳಿದರು. ಜುಲೈ ತಿಂಗಳ ಒಂದು ರಾತ್ರಿ, ಮಂಗಳೂರಿಂದ ಬರ್ತಾ, ಶಿರಾಡಿ ಹತ್ತೋ ಮುಂಚೆ ಗುಂಡ್ಯದಲ್ಲಿ ಬಸ್ ನಿಲ್ಲಿಸಿಬಿಟ್ಟಿದ್ದರಂತೆ. ಮಳೆಗೆ ರಸ್ತೆ ಅಂಚು ಕಾಣ್ತಿರಲಿಲ್ಲ. ಪ್ಯಾಸೆಂಜರೆಲ್ಲ ಬೈದರು, ಒಬ್ಬ ಕಾಲರ್‌ಗೇ ಕೈ ಹಾಕಿದ. "ಬೆಳಗಿನ ಜಾವದವರೆಗೂ ತೆಗೀಲಿಲ್ಲ ನಾನು. ಮೇಲೆ ಏನಾದ್ರೂ ಆಗಿತ್ತಾ ಅಂತ ಕೇಳ್ಬೇಡ, ಏನೂ ಆಗಿರ್ಲಿಲ್ಲ. ಹೋಗಿದ್ರೆ ಹೋಗ್ಬೋದಿತ್ತು. ನಿಮ್ಮಮ್ಮಂಗೆ ಇದನ್ನ ಹೇಳಿಲ್ಲ."

ಆಗ ನಾನೂ ಆ ರ‍್ಯಾಂಪಿನ ವಿಷಯ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. "ಬ್ರೇಕ್ ತುಳಿದಿದ್ದೆಯಾ?" ಅಂದರು. ಹೂಂ, ಪೂರ್ತಿ ತುಳಿದಿದ್ದೆ. ಅವರ ಹಳೇ ಬಸ್ಸಿನಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ತುಳೀಬೇಕಿತ್ತಂತೆ. ನನ್ನ ಕಾರಿನ ಎಬಿಎಸ್ ಆ ಕೆಲಸ ತಾನೇ ಮಾಡುತ್ತೆ, ಒತ್ತಿ ಹಿಡಿದರೆ ಸಾಕು, ಪೆಡಲ್ ಕಾಲಡಿ ನಡುಗಿದರೆ ಹೆದರಬಾರದು ಅಂತ ವಿವರಿಸಿದೆ. ಅಷ್ಟು ಮಾಡಿದರೂ ಗಾಜಿನಂಥ ಐಸ್ ಮೇಲೆ ಅದರ ಆಟ ನಡೆಯಲ್ಲ ಅಂದೆ. "ಹಂಗಾದ್ರೆ ಅದೂ ನಮ್ ಹಂಗೇ" ಅಂದರು.

ಉಪ್ಪಿನ ಲಾರಿ ಹೋಗೋವರೆಗೂ ಎರಡು ಗಂಟೆ ಕೂತೆವು. ಉಪ್ಪು ಕೆಲಸ ಮಾಡೋಕೆ ಹೊತ್ತು ಬೇಕು. ಸುಮಾರು ಮೈನಸ್ ಒಂಬತ್ತಕ್ಕಿಂತ ಕೆಳಗಿದ್ದಿದ್ದರೆ ಅದಕ್ಕೂ ಅಷ್ಟಾಗಿ ಶಕ್ತಿ ಇರುತ್ತಿರಲಿಲ್ಲ, ಆವತ್ತು ಪುಣ್ಯಕ್ಕೆ ಇತ್ತು. ಆಮೇಲೆ ಗಾಡಿ ದಕ್ಷಿಣಕ್ಕೆ ತಿರುಗಿಸಿದೆ. ಒಂದೂಕಾಲು ಗಂಟೆ ದಾರಿಗೆ ಮೂರು ಗಂಟೆ ಹಿಡಿಯಿತು. ಕೋಡುಬಳೆ ಡಬ್ಬಿ ಖಾಲಿ. ಮನೆಯಲ್ಲಿ ಅಮ್ಮ ಕೇಳಿದ್ದಕ್ಕೆ ಅಪ್ಪ, "ಮಳೆ ಜಾಸ್ತಿ ಇತ್ತು, ಬಂದ್ಬಿಟ್ವಿ" ಅಂದರು. ಜನವರಿಯಲ್ಲಿ ಕೆರೆ ನೋಡದೆಯೇ ಊರಿಗೆ ಹೋದರು.

ಮೊನ್ನೆ ಜೂನ್‌ನಲ್ಲಿ ಹೆಂಡತಿ, ಮಗಳನ್ನು ಕರೆದುಕೊಂಡು ಡುಲೂತ್‌ಗೆ ಹೋಗಿದ್ದೆ. ಊರಿಗೆ ಇಳಿಯೋ ಮುಂಚೆ ಥಾಂಪ್ಸನ್ ಹಿಲ್ ಅಂತ ಒಂದು ಗುಡ್ಡ ಇದೆ. ಅಲ್ಲಿಂದ ಕೆಳಗೆ ಇಡೀ ಊರು, ಅದರಾಚೆ ದಿಗಂತದವರೆಗೂ ನೀರು. ಗಾಡಿ ನಿಲ್ಲಿಸಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಫೋನ್ ಆ ಕಡೆ ತಿರುಗಿಸಿದೆ. ಊರಲ್ಲಿ ರಾತ್ರಿ ಹನ್ನೊಂದು. ನಿದ್ದೆಗಣ್ಣಲ್ಲಿ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

"ಚೆನ್ನಾಗಿದೆ" ಅಂದರು. "ಆ ಪಕ್ಕದಲ್ಲಿ ಇಳೀತಿದೆಯಲ್ಲ ರಸ್ತೆ, ಅದು ಚಳಿಗಾಲದಲ್ಲಿ ಯಾವ ಗೇರು?"