ಉಳಿದದ್ದೊಂದು ತೋಟಾ

ನನ್ನ ಅಕ್ಕನ ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಯುಗಾದಿಗೆ ಮತ್ತು ನಮ್ಮ ಕೊಟ್ಟೂರೇಶ್ವರನ ತೇರಿಗೆ ತಪ್ಪದೆ ಫೋನು ಮಾಡುತ್ತಾನೆ. ಕಳೆದ ಸಲ ತೇರಿನ ಮಾತು ಮುಗಿದ ಮೇಲೆ ಒಂದು ಫೋಟೋ ಕಳಿಸಿದ. ಮೇಜಿನ ಮೇಲೆ ಹಿತ್ತಾಳೆ ಬಣ್ಣದ ಮೂರು ತೋಟಾಗಳನ್ನು ಗೌರಿ ಗೊಂಬೆಗಳ ಹಾಗೆ ಸಾಲಾಗಿ ನಿಲ್ಲಿಸಿದ್ದಾನೆ. "ಚಿಗವ್ವಾ, ಇಲ್ಲಿ ಆಫೀಸಿನ ಗೆಳೆಯರ ಜೊತೆ ಹಂದಿ ಬೇಟೆಗೆ ಹೋಗ್ತೀನಿ. ಯಾವ ತೋಟಾ ಚಲೋ ಅಂತ ದಿನಾ ಜಗಳ. ಅಜ್ಜ ಇದ್ದಿದ್ರ ಅವರನ್ನ ಕೇಳ್ತಿದ್ದೆ. ನೀನರ ಹೇಳು" ಎಂದ.

ಒಗ್ಗರಣೆ ಡಬ್ಬಿ ಹಿಡಿದು ನಿಂತಿದ್ದ ನನಗೆ ನಗು ಬಂತು. ನಿಮಗೂ ಬರಬಹುದು. ತೋಟಾದ ವಿಷಯದಲ್ಲಿ ಸಲಹೆ ಕೇಳಲು ಇವನಿಗೆ ಅರವತ್ತು ದಾಟಿದ ಹೆಂಗಸೇ ಸಿಕ್ಕಳೇ? ಆದರೆ ನಾನು ಹುಟ್ಟಿ ಬೆಳೆದದ್ದು ಕೂಡ್ಲಿಗಿ ತಾಲ್ಲೂಕಿನ ಹಳ್ಳಿಯಲ್ಲಿ, ಗುಡೇಕೋಟೆಯ ಬಂಡೆಗುಡ್ಡಗಳ ಮಗ್ಗುಲಲ್ಲಿ. ಒನಕೆ ಓಬವ್ವನ ತವರೂರು ಗುಡೇಕೋಟೆ ಎನ್ನುತ್ತಾರೆ. ಆ ಕಡೆಯ ಹೆಣ್ಣುಮಕ್ಕಳು ಆಯುಧದ ಮಾತಿಗೆ ಬೆಚ್ಚುವವರಲ್ಲ. ನಮ್ಮ ಅಪ್ಪನ ಹತ್ತಿರ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಜೋಡುನಳಿಗೆಯ ಹನ್ನೆರಡು ಬೋರಿನ ಬಂದೂಕು ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕಿತ್ತು. ಯಾರಾದರೂ ಕೇಳಿದರೆ ಅವ್ವ, "ಅವರ ಬಂದೂಕು ತವರಿಗೆ ಹೋಗೈತಿ, ಓಟು ಮುಗುದ ಮ್ಯಾಲ ಬರತೈತಿ" ಎನ್ನುತ್ತಿದ್ದಳು.

ಅಪ್ಪನಿಗೆ ಹರಪನಹಳ್ಳಿಯಲ್ಲಿ ಒಬ್ಬ ಗೆಳೆಯರಿದ್ದರು. ನಾವು ಅವರನ್ನು ಹರಪನಹಳ್ಳಿ ಮಾಮ ಎನ್ನುತ್ತಿದ್ದೆವು. ಅವರದು .315 ರೈಫಲ್. ಇಬ್ಬರೂ ಜಗಲಿ ಮೇಲೆ ಕೂತರೆ ಮುಗಿಯಿತು, ಎಲೆಅಡಿಕೆ ತಟ್ಟೆ ಖಾಲಿಯಾಗುವ ತನಕ ತೋಟಾ ಪುರಾಣ. ನಾನು ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದೆ. ಹಾಗೆ ಕಲಿತದ್ದೇ ನನ್ನ ವಿದ್ಯೆ.

ಹನ್ನೆರಡು ಬೋರು ಎಂದರೆ ಏನು ಎಂದು ಗಂಡಸರನ್ನು ಕೇಳಿ ನೋಡಿ, ಬಹಳ ಮಂದಿ ತಡವರಿಸುತ್ತಾರೆ. ಒಂದು ಪೌಂಡು, ಅಂದರೆ ಸುಮಾರು 454 ಗ್ರಾಂ ಸೀಸವನ್ನು ಹನ್ನೆರಡು ಸಮ ಉಂಡೆ ಕಟ್ಟಿದರೆ ಒಂದೊಂದು ಉಂಡೆ ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟು ಅಗಲ. ಹೆಚ್ಚುಕಡಿಮೆ ಹದಿನೆಂಟೂವರೆ ಮಿಲಿಮೀಟರು. ಹದಿನಾರು ಉಂಡೆ ಕಟ್ಟಿದರೆ ಹದಿನಾರು ಬೋರು, ಬಾಯಿ ಇನ್ನೂ ಕಿರಿದು. ನಾವು ಪಾಕ ಮಾಡಿ ಲೆಕ್ಕ ಹಾಕಿ ಉಂಡೆ ಕಟ್ಟುವವರಿಗೆ ಇದು ಕಷ್ಟದ ಲೆಕ್ಕವೇ?

ರೈಫಲ್ಲಿನ ಲೆಕ್ಕ ಬೇರೆ. .315 ಎಂದರೆ ಒಂದು ಅಂಗುಲದ ಸಾವಿರ ಪಾಲಿನಲ್ಲಿ 315 ಪಾಲು, ಎಂಟು ಮಿಲಿಮೀಟರು. ಒಂದೇ ಗುಂಡು, ಸುಮಾರು ಹದಿನಾರು ಗ್ರಾಂ ತೂಕ. ನಳಿಗೆಯೊಳಗೆ ತಿರುಪಿನಂಥ ಗೀರುಗಳಿರುವುದರಿಂದ ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಹೋಗುತ್ತದೆ. ಪೊಲೀಸರ .303 ಹೆಚ್ಚು ಹೆಸರುವಾಸಿ. ಆದರೆ ಸೈನ್ಯದ ತೋಟಾ ಜನರ ಬಂದೂಕಿಗೆ ಹೊಂದಬಾರದೆಂದು ಬ್ರಿಟಿಷರ ಕಾಲದಿಂದಲೂ ಅದು ಸಾಮಾನ್ಯರಿಗೆ ನಿಷೇಧ. ಅದಕ್ಕೇ ನಮ್ಮ ದೇಶದ ಬೇಟೆಗಾರರಿಗೆ .315 ಗಂಟುಬಿದ್ದದ್ದು.

ಮಾಮ ಹೇಳುತ್ತಿದ್ದರು, "ನಿನ್ನ ಬಂದೂಕು ನಲವತ್ತು ಗಜ ದಾಟಿದರ ಊದುಗೊಳವಿ ಇದ್ದಂಗ." ಅಪ್ಪ ಬಿಡುತ್ತಿರಲಿಲ್ಲ. "ನಿನ್ನ ಗುಂಡು ಗುರಿ ತಪ್ಪಿದರ ಎಲ್ಲಿಗೆ ಹೋಗತೈತಿ ಹೇಳು. ಇದು ಬಯಲುಸೀಮಿ. ಆ ಕಡೆ ಹೊಲದಾಗ ಕಳೆ ತೆಗೆಯೋ ಹೆಣ್ಮಕ್ಳು ಇರ್ತಾರ." ಈ ಮಾತಿಗೆ ಮಾಮ ಸುಮ್ಮನಾಗುತ್ತಿದ್ದರು. ರೈಫಲ್ ಗುಂಡು ಕಿಲೋಮೀಟರುಗಟ್ಟಲೆ ಹೋಗುವಂಥದು. ಅಪ್ಪ ಗೆದ್ದೆನೆಂದು ಮೀಸೆ ತಿರುವುತ್ತಿದ್ದ. ಆ ಗೆಲುವು ಬಹಳ ದಿನ ಉಳಿಯಲಿಲ್ಲ.

ಹನ್ನೆರಡು ಬೋರಿನಲ್ಲಿ ಗುಂಡಿನ ಬದಲು ಚರೆ ತುಂಬಿದ ತೋಟಾ ಹೆಚ್ಚು ಬಳಕೆ. ಆಗಿನವು ಗಟ್ಟಿ ಕಾಗದದ ಒಡಲು, ಹಿತ್ತಾಳೆಯ ಬುಡ. ಎಲ್ಲವೂ ನೋಡಲು ಒಂದೇ ಥರ. ಮೇಲೆ ಬರೆದದ್ದು ಮಾತ್ರ ಬೇರೆ. ನಾಲ್ಕು ನಂಬರಿನ ತೋಟಾದಲ್ಲಿ ಹೆಸರುಕಾಳಿಗಿಂತ ಸಣ್ಣ ಚರೆ, ನೂರೈವತ್ತಕ್ಕೂ ಹೆಚ್ಚು. ಅದು ಮೊಲಕ್ಕೆ, ಹಕ್ಕಿಗೆ. ಎಲ್.ಜಿ. ತೋಟಾದಲ್ಲಿ ಕಾಬೂಲಿ ಕಡಲೆಯಷ್ಟು ದಪ್ಪದವು, ಬೆರಳಲ್ಲಿ ಎಣಿಸುವಷ್ಟೇ. ಅದು ಹಂದಿಗೆ. ಎರಡರಲ್ಲೂ ಇರುವ ಸೀಸ ಸುಮಾರು ಮೂವತ್ತು ಗ್ರಾಮೇ. ಹಂಚಿದ ರೀತಿ ಬೇರೆ. ಸಣ್ಣ ಚರೆ ಒಂದೊಂದೂ ಗ್ರಾಮಿನ ಐದನೇ ಒಂದು ಪಾಲೂ ತೂಗುವುದಿಲ್ಲ, ಎಲ್.ಜಿ.ಯದು ನಾಲ್ಕೈದು ಗ್ರಾಮಿನಷ್ಟು. ಸಣ್ಣದು ಹಂದಿಯ ದಪ್ಪ ತೊಗಲು ಮತ್ತು ಕೊಬ್ಬಿನಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ದೊಡ್ಡದು ಒಳಗೆ ಇಳಿಯುತ್ತದೆ. ಮೊಲದ ಸಾರು ಉಣ್ಣುವಾಗ ಹಲ್ಲಿಗೆ ಕಟಕ್ಕೆಂದು ಸಿಗುತ್ತಿದ್ದ ನಾಲ್ಕು ನಂಬರಿನ ಚರೆಯನ್ನು ಅವ್ವ ಆರಿಸಿ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದಳು. ನಮಗೆ ಅದು ಆಟದ ಸಾಮಾನು.

1969ರ ಮಾತು. ನನಗೆ ಹತ್ತು ವರ್ಷ. ದೀಪಾವಳಿ ಕಳೆದಿತ್ತು, ಶೇಂಗಾ ಕೀಳುವ ಕಾಲ. ಹಂದಿಗಳು ರಾತ್ರಿಯಿಡೀ ಹೊಲ ಬಗೆದು ಹೋಗುತ್ತಿದ್ದವು. ಅಪ್ಪ ಮಂಚಿಕೆ ಮೇಲೆ ಕಾವಲಿದ್ದ. ನಡುರಾತ್ರಿ ಒಂದು ಸದ್ದು ಕೇಳಿತು. ಬೆಳಗ್ಗೆ ಬಂದವನು ಮಾತಾಡಲಿಲ್ಲ. ಹಂದಿಗೆ ತಗುಲಿದೆ, ಬಿದ್ದಿಲ್ಲ, ಗುಡ್ಡದ ಕಡೆ ಹೋಗಿದೆ ಎಂದಷ್ಟೇ ಹೇಳಿದ. ಎರಡು ದಿನ ರಕ್ತದ ಜಾಡು ಹಿಡಿದು ಹುಡುಕಿದರು, ಸಿಗಲಿಲ್ಲ.

ಮೂರನೆಯ ದಿನ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಅಕ್ಕ ಗುಡ್ಡದ ಬುಡಕ್ಕೆ ಸೀತಾಫಲ ಆರಿಸಲು ಹೋದಳು. ಪೊದೆಯೊಳಗೆ ಮಲಗಿದ್ದದ್ದು ಅದೇ ಹಂದಿ. ಅವಳ ತೊಡೆ ಸೀಳಿತು. ಗಾಡಿ ಕಟ್ಟಿ ಕೂಡ್ಲಿಗಿಗೆ ಒಯ್ದರು. ಜೀವ ಉಳಿಯಿತು, ಕಾಲು ಮೊದಲಿನಂತಾಗಲಿಲ್ಲ. ಮಡಚಿ ಕೂರಲು ಬಾರದವಳಿಗೆ ಕಳೆ ತೆಗೆಯುವ ಕೂಲಿಯನ್ನು ಯಾರು ಕೊಡುತ್ತಾರೆ? ಕೈಯಲ್ಲಿ ಎರಡು ವರ್ಷದ ಕೂಸು ಬೇರೆ. ಹಂದಿ ಮಾರನೆಯ ದಿನ ಅಲ್ಲೇ ಸತ್ತು ಬಿದ್ದಿತ್ತು. ತೊಗಲಿನ ಕೆಳಗೆಲ್ಲ ಸಣ್ಣ ಚರೆ, ಕೀವು. ಯಾರೂ ಮುಟ್ಟಲಿಲ್ಲ.

ಆ ರಾತ್ರಿ ನಾನು ನಿದ್ದೆ ಬಂದವಳಂತೆ ಮಲಗಿದ್ದೆ. ಅವ್ವ ಕೇಳಿದಳು, "ದೊಡ್ಡ ತೋಟಾ ಇರಲಿಲ್ಲೇನು?"

"ಒಂದಿತ್ತು."

"ಮತ್ತ?"

"ಕಿಸೇದಾಗ ಇತ್ತು. ತುಟ್ಟೀದು. ಯುಗಾದಿ ಬೇಟೆಗೆ ಇರಲಿ ಅಂತ ಉಳಿಸಿದೆ. ಮಳ್ಳಿ ಮಳ್ಳಿ ಸಿಗೋದಿಲ್ಲ ಅದು."

ಅವ್ವ ಒಂದೂ ಮಾತಾಡಲಿಲ್ಲ. ದೀಪ ಆರಿಸಿದಳು.

ಅಲ್ಲಿಂದಾಚೆ ಅಪ್ಪ ಯಾವ ಮಿಕದ ಮೇಲೂ ಬಂದೂಕು ಎತ್ತಲಿಲ್ಲ. ಹೊಲದಲ್ಲಿ ಆಕಾಶಕ್ಕೆ ಹಾರಿಸಿ ಬರುತ್ತಿದ್ದ. ಪ್ರತಿ ಸುಗ್ಗಿಗೆ ಎರಡು ಚೀಲ ಜೋಳವನ್ನು ತಾನೇ ಹೊತ್ತು ಅಕ್ಕನ ಮನೆಗೆ ಹಾಕಿ ಬರುತ್ತಿದ್ದ. ಮಾಮನ ಜೊತೆ ತೋಟಾದ ಜಗಳವೂ ನಿಂತಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿಯಿಂದ ಬೇಟೆಯ ಲೈಸೆನ್ಸೇ ಇಲ್ಲದಾಯಿತು. ಊರ ಗಂಡಸರು ಗೊಣಗಿದರು, ಅಪ್ಪ ಗೊಣಗಲಿಲ್ಲ. 2013ರಲ್ಲಿ ನಮ್ಮ ಗುಡ್ಡಗಳೇ ಗುಡೇಕೋಟೆ ಕರಡಿಧಾಮವಾದವು.

ಚರೆಯ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಹೋಗಿದ್ದೀರಾ? ನೀರಿನಲ್ಲಿ ನಿಂತ ಜಾಲಿಮರಗಳ ತುಂಬ ಗೂಡು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಅಲ್ಲಿ ನಿಂತಾಗ ನನಗೆ ನೆನಪಾದದ್ದು ತಟ್ಟೆಯಂಚಿನ ಚರೆ. ಕೆರೆಗೆ ಬಿದ್ದ ಸೀಸದ ಚರೆ ಕರಗಿ ಹೋಗುವುದಿಲ್ಲ. ಬಾತುಕೋಳಿಗಳು ಕಾಳು ಅರೆಯಲು ನುಂಗುವ ಹರಳೆಂದು ತಿಳಿದು ಅದನ್ನು ನುಂಗಿ ವಿಷವೇರಿ ಸಾಯುತ್ತವೆ. ಅದಕ್ಕೇ ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ಬಳಸುವಂತಿಲ್ಲ. ಬಂದೂಕು ಹಾರಿಸಿದವನು ಮನೆಗೆ ಹೋಗಿ ಉಂಡು ಮಲಗಿದ ಮೇಲೂ ತೋಟಾದ ಕೆಲಸ ನಡೆದೇ ಇರುತ್ತದೆ.

2022ರಲ್ಲಿ ಅಪ್ಪ ತೀರಿಕೊಂಡ. ಎಂಬತ್ತಾರು ವರ್ಷ. ಲೈಸೆನ್ಸ್ ಅವನ ಹೆಸರಿನಲ್ಲಿದ್ದುದರಿಂದ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಿತ್ತು. ನನ್ನ ತಮ್ಮನಿಗೆ ಅದು ಬೇಡ. ಟ್ರಂಕು ತೆಗೆದಾಗ ಪ್ಲಾಸ್ಟಿಕ್ಕಿನ ಹೊಸ ತೋಟಾ ಆರು, ಮತ್ತೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಹಳೆಯ ಕಾಗದದ್ದು ಒಂದು. ಥಂಡಿಗೆ ಉಬ್ಬಿತ್ತು, ಅಕ್ಷರ ಮಾಸಿತ್ತು. ಆದರೂ ಓದಬಹುದಿತ್ತು. ಎಲ್.ಜಿ.

ತಿಥಿಗೆ ಅಕ್ಕ ಬಂದಿದ್ದಳು, ಕೋಲೂರಿಕೊಂಡು. ಅವಳಿಗೂ ಎಂಬತ್ತು ಸಮೀಪ. ಐವತ್ತಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಹಿತ್ತಲಿಗೆ ಕರೆದು ಎಲ್ಲ ಹೇಳಿದೆ. ತೋಟಾ ಕೈಗೆ ಕೊಟ್ಟೆ. ಅವಳು ಅಂಗೈಯಲ್ಲಿ ಇಟ್ಟುಕೊಂಡು ಬಂಗಾರ ತೂಗುವಂತೆ ತೂಗಿ ನೋಡಿದಳು.

"ಗೊತ್ತೈತಿ ಬಿಡವ್ವ. ಮೊದಲನೇ ವರ್ಷ ಜೋಳ ಹೊತ್ಕೊಂಡು ಬಂದಾಗನ ನಿಮ್ಮಪ್ಪ ಹೇಳಿದ್ದ, ಹೊಸ್ತಿಲ ಹೊರಗ ನಿಂತ್ಕೊಂಡು."

"ನೀನು ಏನಂದಿ?"

"ಏನಂತೀನಿ? ಕೂಸು ಇತ್ತು, ಜೋಳ ತಗೊಂಡೆ. ಎರಡು ವರ್ಷ ನಿಮ್ಮಪ್ಪನ ಕೂಡ ಮಾತಾಡಲಿಲ್ಲ." ಆಮೇಲೆ ತೋಟಾವನ್ನು ಹಿಂದಕ್ಕೆ ಕೊಡುತ್ತ ಕೇಳಿದಳು, "ಆಗ ಇದಕ್ಕ ಎಷ್ಟು ರೊಕ್ಕ ಇತ್ತವ್ವ?"

ನನಗೆ ಗೊತ್ತಿರಲಿಲ್ಲ. ಅಪ್ಪನನ್ನು ಕ್ಷಮಿಸಿದೆಯಾ ಎಂದು ಕೇಳುವ ಧೈರ್ಯವೂ ಆಗಲಿಲ್ಲ. ಠಾಣೆಯಲ್ಲಿ ರೈಟರು ಬರೆದುಕೊಂಡರು. ಜೋಡುನಳಿಗೆ ಬಂದೂಕು ಒಂದು, ತೋಟಾ ಏಳು. ರಸೀದಿ ಈಗ ಅಪ್ಪನ ಫೋಟೋದ ಹಿಂದೆ ಇದೆ.

ಇನ್ನು ಟೆಕ್ಸಾಸಿನ ಹುಡುಗನ ಪ್ರಶ್ನೆ. ಅವನ ಹತ್ತಿರ ಇರುವುದಕ್ಕೆ ಅಲ್ಲಿ 'ಮಾಡರ್ನ್ ಸ್ಪೋರ್ಟಿಂಗ್ ರೈಫಲ್' ಎನ್ನುತ್ತಾರಂತೆ. ಕುದುರೆ ಒಮ್ಮೆ ಎಳೆದರೆ ಒಂದು ಗುಂಡು, ಮುಂದಿನ ತೋಟಾ ತಾನೇ ಬಂದು ಕೂರುತ್ತದೆ. ನಮ್ಮಲ್ಲಿ ಸಾಮಾನ್ಯರಿಗೆ ಅಂಥದ್ದಕ್ಕೆ ಲೈಸೆನ್ಸ್ ಸಿಗುವುದಿಲ್ಲ. ಫೋಟೋದಲ್ಲಿ ಮೊದಲನೆಯದು .223. ಗುಂಡು ಮೂರೂವರೆ ಗ್ರಾಂ ಅಷ್ಟೆ, ಆದರೆ ಸೆಕೆಂಡಿಗೆ ಒಂಬೈನೂರು ಮೀಟರಿಗೂ ಮಿಕ್ಕಿದ ಓಟ. ಅಗ್ಗ, ಭುಜಕ್ಕೆ ಒದೆತ ಕಡಿಮೆ. ಎರಡನೆಯದು .300 ಬ್ಲ್ಯಾಕ್‌ಔಟ್. ನಳಿಗೆಯೊಂದನ್ನು ಬದಲಿಸಿದರೆ ಅದೇ ರೈಫಲ್ಲಿಗೆ ಹೊಂದುತ್ತದೆ. ಗುಂಡು ದಪ್ಪ, ಮದ್ದು ಕಡಿಮೆ, ಹತ್ತಿರದ ಗುರಿಗೆ ಸರಿ. ಮೂರನೆಯದು .308. ಹತ್ತು ಗ್ರಾಮಿನ ಗುಂಡು, ಮೊದಲನೆಯದರ ಎರಡು ಪಟ್ಟು ಹೊಡೆತ. ಆದರೆ ಅದಕ್ಕೆ ದೊಡ್ಡ ರೈಫಲ್ಲೇ ಬೇಕು. ಅಮೆರಿಕದಲ್ಲೇ ಕೆಲವು ರಾಜ್ಯಗಳು ಜಿಂಕೆ ಜಾತಿಯ ಬೇಟೆಗೆ .223ರಷ್ಟು ಸಣ್ಣ ಗುಂಡನ್ನು ಒಪ್ಪುವುದಿಲ್ಲ. ಕಾರಣ ನಮ್ಮ ಅಕ್ಕನ ಕಾಲಿಗಿಂತ ಬೇರೆಯದೇನಲ್ಲ. ಮಿಕ ತಕ್ಷಣ ಬೀಳದೆ ಹೋದೀತು.

ನಾನು ಅವನಿಗೆ ಅಪ್ಪನ ಕಿಸೆಯ ಕಥೆ ಪೂರ್ತಿ ಹೇಳಿದೆ. "ಯಾವುದು ಅಗ್ಗ ಅಂತ ನೋಡಬ್ಯಾಡಪ್ಪ, ಭುಜ ನೋಯೋದಿಲ್ಲ ಅಂತಾನೂ ನೋಡಬ್ಯಾಡ. ಹಂದಿಗೆ ಸಾಲುವಂಥಾದ್ದು ಕೈಯಾಗ ಇಲ್ಲಾಂದ್ರ, ಅವತ್ತು ಹಂದಿ ಹೋಗಲಿ ಬಿಡು. ಗಾಯ ಮಾಡಿ ಬಿಟ್ಟರ ಅದು ಯಾರಿಗೋ ಎದುರಾಗತೈತಿ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತೋಟಾದ ಮಾತು ಬಿಟ್ಟು, "ಆ ಅಕ್ಕ ಈಗ ಹೆಂಗದಾರ ಚಿಗವ್ವಾ?" ಎಂದು ಕೇಳಿದ.

ಚೆನ್ನಾಗಿದ್ದಾಳೆ. ಮೊನ್ನೆ ಅವಳ ಮಗ ಕೊಟ್ಟೂರಿನ ಸಂತೆಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಶೇಂಗಾಕ್ಕೆ ಮತ್ತೆ ಹಂದಿ ಕಾಟವಂತೆ. ಈಗ ನಮ್ಮ ಕಡೆ ಹೊಲದ ಸುತ್ತ ಗೂಟ ನೆಟ್ಟು ಹಳೆಯ ಸೀರೆ ಕಟ್ಟುತ್ತಾರೆ, ನೀವೂ ಬಸ್ಸಿನಿಂದ ನೋಡಿರುತ್ತೀರಿ. ಗಾಳಿಗೆ ಪಟಪಟ ಎಂದಾಗ, ಮನುಷ್ಯರ ವಾಸನೆಗೆ ಹಂದಿ ಹಿಂಜರಿಯುತ್ತದೆ ಎನ್ನುತ್ತಾರೆ. "ಅವ್ವ ಹೇಳಿ ಕಳಿಸ್ಯಾಳ, ಹಳೇ ಸೀರಿ ಇದ್ದರ ಕೊಡಬೇಕಂತ" ಎಂದ. ನನ್ನವು ನಾಲ್ಕು ಕೊಟ್ಟೆ. ಅವ್ವನದೊಂದು ಇಳಕಲ್ ಸೀರೆ ಟ್ರಂಕಿನ ತಳದಲ್ಲಿತ್ತು, ಮಡಿಕೆಯಲ್ಲಿ ಹರಿದಿತ್ತು. ಉಳಿಸಿಕೊಳ್ಳೋಣ ಎಂದು ಒಂದು ಕ್ಷಣ ಅನ್ನಿಸಿತು. ಅದನ್ನೂ ಕೊಟ್ಟೆ.