ಹಡಗಿನ ಸಾಸಿವೆ ಡಬ್ಬಿ

ಸಾಸಿವೆ ಡಬ್ಬಿಯಲ್ಲಿ ನಾಲ್ಕು ಕಾಸು ಬಚ್ಚಿಡದ ಗೃಹಿಣಿ ನಮ್ಮಲ್ಲಿ ಯಾರಿದ್ದಾರೆ ಹೇಳಿ? ಇಟ್ಟದ್ದು ಎಲ್ಲೂ ಹೋಗದು, ಹೊತ್ತಿಗೆ ಒದಗೀತು ಎಂಬ ನಂಬಿಕೆ ನಮ್ಮದು. ಆ ನಂಬಿಕೆಯನ್ನೇ ಸೆರಗಿಗೆ ಕಟ್ಟಿಕೊಂಡು ನಾನು ಅಲಾಸ್ಕಾದ ಹಡಗು ಹತ್ತಿದೆ, ಬೇಸ್ತು ಬಿದ್ದೆ!

ಸಿಯಾಟಲ್‌ನಲ್ಲಿರುವ ಮಗ ಸೊಸೆ ಏಳು ರಾತ್ರಿಗಳ ಪ್ರವಾಸಕ್ಕೆ ನಮ್ಮಿಬ್ಬರನ್ನೂ ಹೊರಡಿಸಿದ್ದರು. ಹಡಗೆಂದರೆ ನಮ್ಮೂರ ಪೇಟೆಬೀದಿಯನ್ನೇ ಎತ್ತಿ ನೀರಿನ ಮೇಲಿಟ್ಟ ಹಾಗೆ. ಅಂಗಡಿ, ನಾಟಕಶಾಲೆ, ಈಜುಕೊಳ ಎಲ್ಲವೂ ಉಂಟು. ಹತ್ತುವಾಗಲೇ ಕೈಗೊಂದು ಕಾರ್ಡು ಕೊಟ್ಟರು. ಅದೇ ಕೋಣೆಯ ಬೀಗದ ಕೈ, ಅದೇ ಗುರುತಿನ ಚೀಟಿ, ಅದೇ ಪರ್ಸು. ಏನು ಕೊಂಡರೂ ನಗದು ಕೊಡುವಂತಿಲ್ಲ. ಕಾರ್ಡು ತೋರಿಸಿದರೆ ಲೆಕ್ಕ ಖಾತೆಗೆ ಬೀಳುತ್ತದೆ. ಥೇಟ್ ನಮ್ಮ ಶೆಟ್ಟರ ಅಂಗಡಿಯ ಉದ್ರಿ ಪುಸ್ತಕ! ಇಳಿಯುವ ದಿನ ಒಟ್ಟು ಬಿಲ್ಲು.

"ಅಮ್ಮ, ನಿಮ್ಮ ಕೋಣೆಯ ಖಾತೆಯಲ್ಲಿ 200 ಡಾಲರ್ ಆನ್‌ಬೋರ್ಡ್ ಕ್ರೆಡಿಟ್ ಇದೆ. ಟಿಕೆಟ್ ಮಾಡಿಸಿದ ಏಜೆಂಟರು ಕೊಟ್ಟದ್ದು. ನೀವೇ ಏನಾದರೂ ತಗೊಳ್ಳಿ" ಎಂದ ಮಗ.

ನನ್ನ ತಲೆ ಕೂಡಲೇ ಲೆಕ್ಕ ಹಾಕಿತು. ನಮ್ಮ ದುಡ್ಡಿನಲ್ಲಿ ಹದಿನಾರು ಸಾವಿರದ ಮೇಲಾಯಿತು! ಊರಲ್ಲಿ ಬಚ್ಚಲುಮನೆಯ ತಗಡು ಮಳೆಗಾಲಕ್ಕೆ ಮೊದಲೇ ಬದಲಾಗಬೇಕಿತ್ತು. ಮುಟ್ಟದೆ ಇಟ್ಟರೆ ಕೊನೆಗೆ ಕೈಗೆ ಬರುತ್ತದೆ ಎಂದುಕೊಂಡು ಯಾರಿಗೂ ಹೇಳದೆ ಸುಮ್ಮನಾದೆ.

ಮೊದಲು ಜೂನೋ. ಅಲಾಸ್ಕಾದ ರಾಜಧಾನಿ, ಆದರೆ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಹಡಗಿನಲ್ಲಿ ಬರಬೇಕು, ಇಲ್ಲ ವಿಮಾನದಲ್ಲಿ. ಅಲ್ಲಿ ಮೆಂಡೆನ್‌ಹಾಲ್ ಎಂಬ ಹಿಮನದಿಯನ್ನು ನೋಡಿದೆವು. ನೀಲಿ ಹಾಕಿ ಒಗೆದ ಪಂಚೆಯನ್ನು ಬೆಟ್ಟದ ಮೇಲಿಂದ ಇಳಿಬಿಟ್ಟ ಹಾಗಿತ್ತು.

ಮಾರನೆಯ ದಿನ ಸ್ಕ್ಯಾಗ್‌ವೇ. ಪಕ್ಕದ ಕೆನಡಾದ ಕ್ಲಾಂಡೈಕಿನಲ್ಲಿ ಚಿನ್ನ ಸಿಕ್ಕಿತೆಂದು 1897-98ರಲ್ಲಿ ಸಾವಿರಾರು ಜನ ಇದೇ ದಾರಿಯಲ್ಲಿ ಮುಗಿಬಿದ್ದಿದ್ದರಂತೆ. ಒಂದು ವರ್ಷಕ್ಕಾಗುವ ದಿನಸಿ, ಸಾಮಾನು ಇಲ್ಲದವರನ್ನು ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಆ ಜನರಿಗಾಗಿ 1898ರಲ್ಲಿ ಶುರುವಾಗಿ 1900ರಲ್ಲಿ ಮುಗಿದ ವೈಟ್ ಪಾಸ್ ರೈಲು ಈಗ ಪ್ರವಾಸಿಗಳನ್ನು ಬೆಟ್ಟ ಹತ್ತಿಸುತ್ತದೆ. ಹಳಿಯ ಅಗಲ ಮೂರೇ ಅಡಿ, ನಮ್ಮ ಹಳೆಯ ಮೀಟರ್ ಗೇಜಿಗಿಂತಲೂ ಕಿರಿದು.

ನಮ್ಮವರು ಅರಸೀಕೆರೆ, ಹುಬ್ಬಳ್ಳಿ ಎಂದು ಮೂವತ್ತು ವರ್ಷ ರೈಲ್ವೆಯಲ್ಲೇ ಸವೆದವರು. "ಹೋಗೋಣವೇನೇ?" ಎಂದು ಮೆಲ್ಲಗೆ ಕೇಳಿದರು. ಇಬ್ಬರಿಗೂ ಸೇರಿ ಟಿಕೆಟ್ಟು ಮುನ್ನೂರು ಡಾಲರ್ ಹತ್ತಿರ. "ಜೀವಮಾನವಿಡೀ ರೈಲು ನೋಡಿದ್ದು ಸಾಲದೇ?" ಎಂದುಬಿಟ್ಟೆ. ಅವರು ಮಾತಾಡಲಿಲ್ಲ. ಸ್ಟೇಷನ್ನಿನ ಹತ್ತಿರ ನಿಂತು ರೈಲು ಹೊರಟದ್ದನ್ನು ನೋಡಿದರು, ಬೋಗಿ ಎಣಿಸಿದರು, ತಿರುಗಿ ಬಂದರು.

ಕೊನೆಯ ದಿನ ಮಧ್ಯಾಹ್ನ ಲೆಕ್ಕದ ಕೌಂಟರಿಗೆ ಹೋಗಿ, "ಆ 200 ಡಾಲರ್ ನಗದಾಗಿ ಕೊಡಿ" ಎಂದು ಮಗನಿಂದ ಕೇಳಿಸಿದೆ. ಅಲ್ಲಿದ್ದ ಹುಡುಗಿ ನಗುನಗುತ್ತಲೇ ಹೇಳಿದಳು: "ಇದು ವಾಪಸು ಕೊಡುವ ಕ್ರೆಡಿಟ್ ಅಲ್ಲ. ಹಡಗಿನಲ್ಲೇ ಖರ್ಚು ಮಾಡಬೇಕು. ಇಳಿದ ಮೇಲೆ ರದ್ದು." ಮಗನೂ ಆ ಸಣ್ಣ ಅಕ್ಷರ ಓದಿರಲಿಲ್ಲ. ಸಂಜೆ ವಿಕ್ಟೋರಿಯಾ ಬಂದರು ಬಂದರೆ ಹಡಗಿನ ಅಂಗಡಿಗಳ ಬಾಗಿಲು ಮುಚ್ಚುತ್ತದೆ. ಓಡಿದೆವು. ಬೇಡದ ಟೋಪಿ, ಚಾಕೊಲೇಟು, ಯಾರ ಅಳತೆಗೂ ಆಗದ ಎರಡು ಸ್ವೆಟರು ಹೊತ್ತು ತಂದೆವು. ರೈಲಿನ ಟಿಕೆಟ್ಟನ್ನು ಹಡಗಿನಲ್ಲೇ ಕೊಂಡಿದ್ದರೆ ಕೈಯಿಂದ ಬೀಳುತ್ತಿದ್ದುದು ನೂರು ಡಾಲರ್ ಮಾತ್ರ!

ಸೋದರಿಯರೇ, ಈಗೀಗ ಮಕ್ಕಳು ಅಪ್ಪ ಅಮ್ಮಂದಿರನ್ನು ಹಡಗು ಹತ್ತಿಸುವುದು ಹೆಚ್ಚಿದೆ. ಆದ್ದರಿಂದ ಆಮೇಲೆ ನಾನು ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಕ್ರೆಡಿಟ್ಟಿನಲ್ಲಿ ಎರಡು ಜಾತಿ. ಒಂದು, ಉಳಿದರೆ ವಾಪಸು ಬರುವಂಥದು. ಇನ್ನೊಂದು, ಉಳಿದರೆ ಹೋಗೇಬಿಡುವಂಥದು. ಬಳುವಳಿಯಾಗಿ ಬಂದದ್ದು ಹೆಚ್ಚಾಗಿ ಎರಡನೆಯ ಜಾತಿ. ಯಾವುದೆಂದು ಹತ್ತಿದ ದಿನವೇ ಕೇಳಿ. ತಲೆಗಿಷ್ಟೋ, ಕೋಣೆಗಿಷ್ಟೋ ಎನ್ನುವುದನ್ನೂ ಕೇಳಿ. ಜೂಜಿನ ಕೋಣೆಯಲ್ಲಿ ಇದು ಸಾಮಾನ್ಯವಾಗಿ ನಡೆಯದು. ಅದು ಒಳ್ಳೆಯದೇ ಬಿಡಿ!

ಕೆಲಸಗಾರರ ಟಿಪ್ಸು ಬಹಳ ಹಡಗುಗಳಲ್ಲಿ ತಲೆಗೆ ದಿನಕ್ಕಿಷ್ಟೆಂದು ತಾನಾಗಿ ಖಾತೆಗೆ ಬೀಳುತ್ತದೆ. ದಿನಕ್ಕೆ 16 ಡಾಲರ್ ಎಂದರೂ ನಾಲ್ವರಿಗೆ ಏಳು ದಿನಕ್ಕೆ 448 ಆಯಿತು. ಕ್ರೆಡಿಟ್ ಸಾಮಾನ್ಯವಾಗಿ ಇದಕ್ಕೂ ಸಲ್ಲುತ್ತದೆ. ನಮ್ಮ ಮಗ ಟಿಪ್ಸನ್ನು ಟಿಕೆಟ್ಟಿನ ಜೊತೆಗೇ ಕಟ್ಟಿದ್ದ. ಅದಕ್ಕೇ ನಮ್ಮ 200 ಹಾಗೇ ಉಳಿದದ್ದು. ಸಿಲ್ವರ್‌ಸೀ, ಸೀಬೋರ್ನ್, ರೀಜೆಂಟ್‌ನಂಥ ಭಾರಿ ಐಷಾರಾಮಿ ಹಡಗುಗಳಲ್ಲಿ ಟಿಪ್ಸು, ಪಾನೀಯ ಟಿಕೆಟ್ಟಿನಲ್ಲೇ ಸೇರಿರುತ್ತವೆ. ಅಲ್ಲಿ ಕ್ರೆಡಿಟ್ ಕರಗಿಸಲು ಅಂಗಡಿ, ಮಾಲೀಸು, ದಡದ ಪ್ರವಾಸ ಇಷ್ಟೇ ದಾರಿ.

ಮತ್ತೆ ಮತ್ತೆ ಬರುವವರಿಗೆ ಅಂಕಗಳೂ ಉಂಟು. ರಾಯಲ್ ಕೆರಿಬಿಯನ್‌ನವರ ಕ್ರೌನ್ ಅಂಡ್ ಆಂಕರ್ ಸೊಸೈಟಿಯಲ್ಲಿ ಸಾಧಾರಣ ಕೋಣೆಗೆ ರಾತ್ರಿಗೊಂದು ಅಂಕ; 80 ಅಂಕವಾದರೆ ಡೈಮಂಡ್ ದರ್ಜೆ. ಅಂದರೆ ನಮ್ಮಂಥ ಏಳು ರಾತ್ರಿಯ ಪ್ರವಾಸ ಹನ್ನೆರಡು ಸಲ ಆಗಬೇಕು! ಅಂಕದ ಆಸೆಗೆ ಪ್ರವಾಸ ಮಾಡುವುದು ಸ್ಟೀಲ್ ಡಬ್ಬಿಯ ಆಸೆಗೆ ಬೇಡದ ಸೋಪಿನಪುಡಿ ಕೊಂಡ ಹಾಗೆ.

ಹಡಗಿನ ಸಾಸಿವೆ ಡಬ್ಬಿಗೆ ತಳವಿಲ್ಲ. ಅಲ್ಲಿ ಕೂಡಿಟ್ಟದ್ದು ಸಮುದ್ರಪಾಲು. ಮೊದಲ ದಿನವೇ ಮನೆಯವರನ್ನೆಲ್ಲ ಕೂರಿಸಿಕೊಂಡು, "ನಿಮಗೆ ಏನು ನೋಡಬೇಕೆಂದು ಆಸೆ?" ಎಂದು ಕೇಳಿ, ಅದಕ್ಕೆ ಕೊಟ್ಟುಬಿಡಿ.

ತಗಡನ್ನು ಊರಿಗೆ ಬಂದು ನಮ್ಮವರ ಪಿಂಚಣಿಯಲ್ಲೇ ಹಾಕಿಸಿದೆವು. ಅವತ್ತು ಕೆಲಸ ನೋಡುತ್ತಾ ನಿಂತಿದ್ದವರು, "ಹದಿನಾಲ್ಕು ಬೋಗಿ ಇತ್ತು ಕಣೇ" ಎಂದರು. ಯಾವ ರೈಲು ಎಂದು ನಾನು ಕೇಳಲಿಲ್ಲ.